ಬಾಲಿಕೆಯರ ಮನಃಕ್ಷೇಮವೂ ನಮ್ಮ ಪ್ರಶ್ನೆಗಳೂ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ಕಟ್ಟಡಗಳ ವೃತ್ತಾಂತವೂ ಪರೀಕ್ಷೆಗಳ ಫಲಿತಾಂಶವೂ ಆಟಪಾಟಗಳ ವರದಿಯೂ ಬರುವುದು ವಾಡಿಕೆ. ಅವುಗಳಿಗೆ ಬೇರೆ ಪುಟಗಳು ಮೀಸಲಾಗಿರುವುದರಿಂದ, ಕಣ್ಣಿಗೆ ಕಾಣದಿದ್ದರೂ ಶಾಲೆಯ ಒಳಜೀವನದಲ್ಲಿ ಈಚೆಗೆ ಉಂಟಾಗಿರುವ ಒಂದು ಬದಲಾವಣೆಯನ್ನು ಕುರಿತು ಇಲ್ಲಿ ನಾಲ್ಕು ಮಾತುಗಳನ್ನು ಬರೆಯಲಪೇಕ್ಷಿಸುತ್ತೇವೆ. ಉಪಾಧ್ಯಾಯಿನಿಯರೂ ಬೋರ್ಡಿಂಗಿನ ಮೇಟ್ರನರೂ ಕಚೇರಿಯ ಗುಮಾಸ್ತರೂ ಅಡಿಗೆಯವರೂ ಬಾಗಿಲು ಕಾಯುವವರೂ ಒಟ್ಟಿಗೆ ಕೂತು, ಮನಸ್ಸು ಕುಂದಿದ ಮಕ್ಕಳೊಡನೆ ಮಾತನಾಡುವ ಒಂದು ರೀತಿಯನ್ನು ಕಲಿಯುತ್ತಿದ್ದೇವೆ. ಇದನ್ನು ಕೇಳಿದ ತಂದೆಯವರೊಬ್ಬರು, “ಇಪ್ಪತ್ತು ವರುಷ ಪಾಠ ಹೇಳಿದವರಿಗೆ ಮಾತನಾಡುವುದನ್ನು ಕಲಿಸಬೇಕೇ?” ಎಂದು ನಗುತ್ತ ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಅವರಿಗೆ ಉತ್ತರವಾಗಿ ಈ ಲೇಖನವನ್ನು ಬರೆದಿದ್ದೇವೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುವುದು ಮೇಲು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಆಕೆಯ ಹೆಸರನ್ನು ಹೇಳುವುದು ಯುಕ್ತವಲ್ಲ. ವರ್ಷದ ಮೊದಲನೆಯ ಭಾಗದಲ್ಲಿ ತರಗತಿಗೆ ಎರಡನೆಯವಳಾಗಿ ನಿಂತಿದ್ದ ಆಕೆ ದಸರಾ ರಜೆಯ ತರುವಾಯ ಪುಸ್ತಕ ಮುಟ್ಟದಾದಳು. ಘಂಟೆ ಬಾರಿಸಿದ ಮೇಲೆ ಬರುವಳು. ಬಂದರೂ ಕಿಟಕಿಯ ಹೊರಗೆ ನೋಡುತ್ತ ಕೂತಿರುವಳು. ತರಗತಿಯ ಉಪಾಧ್ಯಾಯಿನಿಯವರು ಕರೆದು, “ಏಕೆ ಹೀಗಾದೆ?” ಎಂದರು. ಗಣಿತದವರು, “ಲೆಕ್ಕ ಏಕೆ ಮಾಡಿಲ್ಲ?” ಎಂದರು. ಮೇಟ್ರನರು, “ಊಟ ಏಕೆ ಬಿಟ್ಟೆ?” ಎಂದರು. ಮುಖ್ಯೋಪಾಧ್ಯಾಯಿನಿಯವರೂ ಕೇಳಿದರು, ಅವರು ಕರೆಯಿಸಿದ ತಂದೆಯವರೂ ಎಲ್ಲರ ಇದಿರಿಗೆ ಅದನ್ನೇ ಕೇಳಿದರು. ಐದು ಮಂದಿ ಹಿರಿಯರಿಗೆ ಆಕೆ ಐದು ಬಗೆಯ ಉತ್ತರ ಕೊಟ್ಟಳು. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲವಾದ ಕಾರಣ ಐದೂ ಸುಳ್ಳೆಂದು ನಾವು ನಿರ್ಣಯಿಸಿದೆವು. ಸಂಕ್ರಾಂತಿಯ ಅನಂತರ ಆಕೆ ಶಾಲೆಗೆ ಬರಲಿಲ್ಲ.

ಆ ಹುಡುಗಿಯ ಮೇಲೆ ಪ್ರೀತಿಯಿಲ್ಲದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆವು. ಆದರೂ ನಮ್ಮ ಪ್ರೀತಿ ಆಕೆಗೆ ವಿಚಾರಣೆಯ ಹಾಗೆ ತೋರಿತು. “ಏಕೆ” ಎಂಬ ಮಾತು ಹಿರಿಯರ ಬಾಯಿಂದ ಬಂದಾಗ ಅರ್ಧಕ್ಕರ್ಧ ಆರೋಪವೇ ಸರಿ, “ಏಕೆ ತಡ?” ಎಂದರೆ “ತಡಮಾಡಿದ್ದು ತಪ್ಪು” ಎಂದೇ ಮಗು ತಿಳಿಯುವುದು. ಅಲ್ಲದೆ, ಹದಿನಾಲ್ಕು ವರುಷದ ಮಗುವಿಗೆ ತನ್ನ ದುಃಖದ ಕಾರಣ ತನಗೇ ಸ್ಪಷ್ಟವಾಗಿ ತಿಳಿದಿರಬೇಕೆಂಬ ನಿಯಮವೇನೂ ಇಲ್ಲ. ದೊಡ್ಡವರಾದ ನಮಗೇ ಎಷ್ಟೋ ಸಲ ತಿಳಿದಿರುವುದಿಲ್ಲ. ತಿಳಿಯದುದನ್ನು ಬಾರಿಬಾರಿಗೂ ಕೇಳಿದರೆ ಮಗು ಏನಾದರೊಂದನ್ನು ಹೇಳಿ ತಪ್ಪಿಸಿಕೊಳ್ಳುವುದು. ಹಾಗಾದರೆ ಏನನ್ನು ಕೇಳಬೇಕು? ಈ ಸಂಗತಿಯನ್ನು ಹುಡುಕುತ್ತ ಹೋದಾಗ ನಮಗೆ ದೊರೆತದ್ದು, ಕನ್ನಡದಲ್ಲಿ ಪರಿಹಾರಾಭಿಮುಖ ಪದ್ಧತಿಯೆಂದು ಕರೆಯಬಹುದಾದ ಒಂದು ಮಾರ್ಗ.

ಈ ಪದ್ಧತಿ ಹುಟ್ಟಿದ್ದು ಅಮೆರಿಕ ಸಂಯುಕ್ತ ಸಂಸ್ಥಾನದ ಮಿಲ್ವಾಕಿ ಎಂಬ ನಗರದಲ್ಲಿ. ಅಲ್ಲಿ 1978ನೆಯ ಇಸವಿಯಲ್ಲಿ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಎಂಬ ದಂಪತಿಗಳು ತಮ್ಮ ಸಂಗಡಿಗರೊಂದಿಗೆ, ಕಷ್ಟದಲ್ಲಿರುವ ಕುಟುಂಬಗಳಿಗೆ ಮಾತಿನ ಮೂಲಕ ನೆರವಾಗುವ ಒಂದು ಕೇಂದ್ರವನ್ನು ಸ್ಥಾಪಿಸಿದರು. ಬರ್ಗ್ ಅವರು 1934ರಲ್ಲಿ ಕೊರಿಯಾ ದೇಶದಲ್ಲಿ ಹುಟ್ಟಿ, ಓದಿಗಾಗಿ ಅಮೆರಿಕಕ್ಕೆ ಹೋದವರು. ಒಬ್ಬರು ಕುಟುಂಬದವರೊಡನೆ ಮಾತನಾಡುತ್ತಿದ್ದರೆ ಉಳಿದವರು ಗಾಜಿನ ಮರೆಯಲ್ಲಿ ಕೂತು, ಯಾವ ಪ್ರಶ್ನೆಯ ತರುವಾಯ ಮಾತು ಮುಂದೆ ಸಾಗಿತು, ಯಾವುದರ ತರುವಾಯ ನಿಂತಿತು ಎಂಬುದನ್ನು ಗಮನಿಸುವರು. 1982ರಲ್ಲಿ ಅವರಲ್ಲಿಗೆ ಒಂದು ಕುಟುಂಬ ಬಂದಿತು. ಆ ಮನೆಯವರು ಒಂದೆರಡಲ್ಲ, 27 ತೊಂದರೆಗಳನ್ನು ಹೇಳಿಕೊಂಡರು. ಯಾವುದರಿಂದ ಆರಂಭಿಸಬೇಕೆಂದು ತೋಚದೆ ಅವರು ಆ ಕುಟುಂಬಕ್ಕೆ ಒಂದು ಕೆಲಸವನ್ನು ಒಪ್ಪಿಸಿದರು: ಮುಂದಿನ ಭೇಟಿಯವರೆಗೆ ನಿಮ್ಮ ಮನೆಯಲ್ಲಿ ನಡೆಯುವ ಸಂಗತಿಗಳಲ್ಲಿ ಯಾವುವು ಇನ್ನು ಮುಂದೆಯೂ ಹೀಗೆಯೇ ನಡೆದುಕೊಂಡು ಹೋಗಬೇಕೆಂದು ನಿಮಗೆ ಅನಿಸುವುದೋ ಅವನ್ನು ಗಮನಿಸಿ ಬನ್ನಿರಿ. ತಿರುಗಿ ಬಂದಾಗ ಅವರ ಬಳಿ ಅಂಥ 27 ಸಂಗತಿಗಳಿದ್ದುವು. ಮನೆಯ ಸ್ಥಿತಿಯೂ ಸುಧಾರಿಸಿತ್ತು. ಕಷ್ಟವಿರುವ ಮನೆಯಲ್ಲಿಯೇ ಕಷ್ಟವಿಲ್ಲದ ಗಳಿಗೆಗಳೂ ಇರುತ್ತವೆ, ಅವನ್ನು ಯಾರೂ ಕೇಳದ ಕಾರಣ ಯಾರೂ ಹೇಳುವುದಿಲ್ಲ ಎಂಬುದು ಇದರಿಂದ ಅವರಿಗೆ ವಿದಿತವಾಯಿತು. ಪದ್ಧತಿಯ ಅಸ್ತಿವಾರ ಇದೇ.

ಇನ್ನು ಆ ಪ್ರಶ್ನೆಗಳು ಯಾವುವೆಂದು ಒಂದೊಂದಾಗಿ ವಿವರಿಸುತ್ತೇವೆ.

ಮೊದಲನೆಯದು, ತೊಂದರೆ ತಲೆಯೆತ್ತದ ಗಳಿಗೆಯನ್ನು ಹುಡುಕುವುದು. ಲೆಕ್ಕದ ತರಗತಿಯೆಂದರೆ ಎದೆ ಹೊಡೆದುಕೊಳ್ಳುವ ಹುಡುಗಿಯನ್ನು, “ಹೆದರಿಕೆ ಏಕೆ?” ಎಂದು ಕೇಳುವುದರ ಬದಲು, “ಈ ವಾರ ಎದೆ ಅಷ್ಟು ಹೊಡೆದುಕೊಳ್ಳದ ದಿನ ಯಾವುದು?” ಎಂದು ಕೇಳಿದೆವು. “ಮಂಗಳವಾರ, ಟೀಚರ್.” “ಆ ದಿನ ಬೇರೆ ಏನಿತ್ತು?” ಆಕೆ ಸ್ವಲ್ಪ ಹೊತ್ತು ಆಲೋಚಿಸಿ, “ಹಿಂದಿನ ರಾತ್ರಿ ಅಕ್ಕನ ಪಕ್ಕದಲ್ಲಿ ಕೂತು ಎರಡು ಲೆಕ್ಕ ಮಾಡಿದ್ದೆ” ಎಂದಳು. ಔಷಧ ಆಕೆಯ ಮನೆಯಲ್ಲಿಯೇ ಇತ್ತು. ನಾವು ಉಪದೇಶ ಮಾಡಿದ್ದರೆ ಅದು ನಮ್ಮ ಉಪಾಯವಾಗುತ್ತಿತ್ತು. ಈಗ ಅದು ಆಕೆಯದೇ ಆಯಿತು. ತಾನು ಕಂಡುಕೊಂಡ ಉಪಾಯವನ್ನು ಮಗು ಬೇಗನೆ ಮರೆಯುವುದಿಲ್ಲ.

ಎರಡನೆಯದು ಅಳತೆಯ ಪ್ರಶ್ನೆ. ಸೊನ್ನೆಯಿಂದ ಹತ್ತರವರೆಗೆ ಒಂದು ಏಣಿಯಿದೆಯೆಂದು ಭಾವಿಸಿ, ಅತ್ಯಂತ ಕೆಟ್ಟ ದಿನ ಸೊನ್ನೆ, ನಿನ್ನ ಮನಸ್ಸಿಗೆ ಒಪ್ಪುವ ದಿನ ಹತ್ತು. ಇಂದು ಎಲ್ಲಿರುವೆ ಎಂದು ಕೇಳುವುದು. “ಮೂರು” ಎಂದು ಮಗು ಹೇಳಿತೆನ್ನಿರಿ. ಅಂಕಗಳನ್ನು ಕೂಡಿಸಿಯೇ ಜೀವಮಾನ ಕಳೆದ ನಮ್ಮಂಥವರಿಗೆ ಕೂಡಲೆ ಕಾಣುವುದು ತಪ್ಪಿಹೋದ ಏಳು. ಈ ಪದ್ಧತಿಯಲ್ಲಿ ಕೇಳತಕ್ಕದ್ದು ಇರುವ ಮೂರನ್ನು ಕುರಿತು: “ಸೊನ್ನೆಯೆನ್ನದೆ ಮೂರು ಎಂದೆಯಲ್ಲ, ಆ ಮೂರರಲ್ಲಿ ಏನೇನಿದೆ?” ಅದಾದ ಮೇಲೆ, “ನಾಲ್ಕಕ್ಕೆ ಬಂದೆಯಾದರೆ ಮೊದಲು ಯಾರಿಗೆ ತಿಳಿಯುವುದು? ಏನನ್ನು ನೋಡಿ ತಿಳಿಯುವರು?” ಹತ್ತರ ಮಾತನ್ನು ನಾವು ಎತ್ತುವುದಿಲ್ಲ. ಏಣಿ ಹತ್ತುವವರಿಗೆ ಮೇಲಿನ ಮೆಟ್ಟಿಲು ಒಂದು ಕಂಡರೆ ಸಾಕು.

ಮೂರನೆಯದನ್ನು ಮಿಲ್ವಾಕಿಯವರು ಅದ್ಭುತದ ಪ್ರಶ್ನೆಯೆಂದು ಕರೆದರು. ಈ ರಾತ್ರಿ ನೀನು ನಿದ್ದೆಯಲ್ಲಿರುವಾಗ ನಿನ್ನ ತೊಂದರೆ ಹೇಗೋ ತೀರಿಹೋಯಿತು. ನಿದ್ದೆಯಲ್ಲಿದ್ದುದರಿಂದ ಅದು ನಿನಗೆ ತಿಳಿಯದು. ಬೆಳಗ್ಗೆ ಎದ್ದಾಗ ಯಾವ ಚಿಕ್ಕ ಗುರುತಿನಿಂದ ನಿನಗೆ ತಿಳಿದುಬರುವುದು ಎಂಬುದು ಇದರ ತಾತ್ಪರ್ಯ. ನಮ್ಮ ಶಾಲೆಯಂಥಲ್ಲಿ ಅದ್ಭುತವೆಂಬ ಶಬ್ದಕ್ಕೆ ಬೇರೆ ಗಂಭೀರವಾದ ಅರ್ಥವಿರುವುದರಿಂದ ನಾವು, “ನಾಳೆ ಬೆಳಗ್ಗೆ ಎಲ್ಲ ಸರಿಹೋಗಿದೆಯೆಂದು ಇಟ್ಟುಕೋ” ಎಂದಷ್ಟೇ ಹೇಳುತ್ತೇವೆ. ದೊಡ್ಡ ದೊಡ್ಡ ಆಶೆಗಳು ಹೊರಡಬಹುದೆಂದು ಮೊದಲು ಶಂಕಿಸಿದ್ದೆವು. ಆದರೆ ಮಕ್ಕಳು ಹೇಳುವುದು ಬಹಳ ಚಿಕ್ಕ ಸಂಗತಿಗಳನ್ನು: “ಸ್ನಾನದ ಮನೆಯ ಸಾಲಿನಲ್ಲಿ ಗೆಳತಿ ನನಗೆ ಜಾಗ ಹಿಡಿದಿರುವಳು”, “ಅಮ್ಮ ಫೋನಿನಲ್ಲಿ ಅಳುವುದಿಲ್ಲ”, “ತಲೆಯನ್ನು ನಾನೇ ಬಾಚಿಕೊಂಡಿರುವೆ.” ಇವುಗಳಲ್ಲಿ ಕೆಲವನ್ನಾದರೂ ನಾಳೆಯೇ ಮಾಡಬಹುದು, ಮಿಕ್ಕವು ಎಲ್ಲಿ ನೋವಿದೆಯೆಂಬುದನ್ನು ನಾವು ಕೇಳದೆಯೇ ತಿಳಿಸುತ್ತವೆ.

ನಾಲ್ಕನೆಯದು, “ನನ್ನದು ಸೊನ್ನೆಯೇ” ಎನ್ನುವ ಮಗುವಿಗಾಗಿ ಇರುವುದು. ಅಂಥವಳಿಗೆ ಸಮಾಧಾನ ಹೇಳಹೊರಟರೆ ಆಕೆಯ ದುಃಖವನ್ನು ಅಲ್ಲಗಳೆದಂತಾಗುವುದು. ಆದಕಾರಣ, “ಇಷ್ಟು ಕಷ್ಟವಿದ್ದರೂ ಈ ಹೊತ್ತು ಎದ್ದು ತರಗತಿಗೆ ಬಂದೆಯಲ್ಲ, ಅದು ಹೇಗೆ ಸಾಧ್ಯವಾಯಿತು?” ಎಂದು ಕೇಳುವುದು. ಕಷ್ಟವನ್ನು ಒಪ್ಪಿಕೊಂಡು, ಅದನ್ನು ಹೊತ್ತು ನಿಂತವಳ ಬಲವನ್ನೂ ಕಂಡಂತಾಯಿತು.

ಈ ಪ್ರಶ್ನೆಗಳು ಚಿಕಿತ್ಸೆಯ ಕೊಠಡಿಯಿಂದ ಶಾಲೆಗೆ ಹೇಗೆ ಬಂದುವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ. 2002ರ ಸುಮಾರಿಗೆ ಬರ್ಗ್ ಅವರು ಲೀ ಶಿಲ್ಟ್ಸ್ ಎಂಬುವರೊಡನೆ ಸೇರಿ ಫ್ಲಾರಿಡಾ ಸಂಸ್ಥಾನದ ಶಾಲೆಗಳಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ಹೊರಗಿನವರೊಬ್ಬರು ತರಗತಿಯ ಹಿಂದೆ ಕೂತು, ಮಕ್ಕಳೂ ಉಪಾಧ್ಯಾಯರೂ ಮಾಡುವ ಒಳ್ಳೆಯ ಕೆಲಸಗಳನ್ನು ಮಾತ್ರ ಬರೆದುಕೊಂಡು, ಅನಂತರ ಅವನ್ನು ಎಲ್ಲರಿಗೂ ತಿಳಿಸುವರು. ಕೆಲವು ದಿನಗಳಾದ ಮೇಲೆ ತರಗತಿಯವರು ಉಪಾಧ್ಯಾಯರೊಡನೆ ಕೂಡಿ ತಮ್ಮ ಗುರಿಯನ್ನು ತಾವೇ ಗೊತ್ತುಮಾಡಿಕೊಂಡು, ಎಷ್ಟು ಮುಂದುವರಿದೆವೆಂದು ಅಳತೆಯ ಏಣಿಯಿಂದ ನೋಡಿಕೊಳ್ಳುವರು. ಗದ್ದಲದ ತರಗತಿಯನ್ನು ದಂಡನೆಯಿಂದ ಸರಿಪಡಿಸುವುದಕ್ಕಿಂತ, ಗದ್ದಲವಿಲ್ಲದ ಗಳಿಗೆಗಳನ್ನು ಗುರುತಿಸಿ ಬೆಳೆಯಿಸುವುದು ಅವರ ಉದ್ದೇಶವಾಗಿತ್ತು.

ಎರಡನೆಯ ನಿದರ್ಶನ ಟೆಕ್ಸಸ್ ಸಂಸ್ಥಾನದ ಆಸ್ಟಿನ್ ನಗರದ ಗೊಂಜಾಲೋ ಗಾರ್ಜಾ ಇಂಡಿಪೆಂಡೆನ್ಸ್ ಹೈಸ್ಕೂಲು. ನಡುವೆ ಓದು ಬಿಟ್ಟವರಿಗಾಗಿಯೂ ಬಿಡುವ ಸ್ಥಿತಿಯಲ್ಲಿರುವವರಿಗಾಗಿಯೂ 1998ರಲ್ಲಿ ತೆರೆದ ಸರ್ಕಾರಿ ಶಾಲೆಯಿದು. ಇಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ವೇಗದಲ್ಲಿ ಪಾಠಗಳನ್ನು ಮುಗಿಸುವನು. ಆ ನಗರದ ವಿಶ್ವವಿದ್ಯಾನಿಲಯದ ಸಿಂಥಿಯಾ ಫ್ರಾಂಕ್ಲಿನ್ ಎಂಬ ವಿದ್ವಾಂಸೆಯೂ ಅವರ ಸಂಗಡಿಗರೂ 2001ರಿಂದ ಇಲ್ಲಿನ ಸಿಬ್ಬಂದಿಗೆ ಈ ಪದ್ಧತಿಯಲ್ಲಿ ಶಿಕ್ಷಣ ಕೊಟ್ಟರು. ಒಬ್ಬ ಸಲಹೆಗಾರರಿಗೆ ಮಾತ್ರ ಕಲಿಸಿ ಬಿಡದೆ, ಇಡೀ ಶಾಲೆಯೇ ಒಂದು ಭಾಷೆಯನ್ನಾಡುವಂತೆ ಮಾಡಿದ್ದು ಇಲ್ಲಿನ ವಿಶೇಷ. 2007ರಲ್ಲಿ ಪ್ರಕಟವಾದ ಅವರ ಪರಿಶೀಲನೆಯಲ್ಲಿ, ಇಂಥದೇ ಸ್ಥಿತಿಯ ಇತರ ವಿದ್ಯಾರ್ಥಿಗಳೊಂದಿಗೆ ಹೋಲಿಸಿದಾಗ, ಗಾರ್ಜಾದವರು ತಾವು ಕೈಕೊಂಡ ಪಾಠಗಳಲ್ಲಿ ಹೆಚ್ಚಿನ ಪಾಲನ್ನು ಪೂರೈಸಿದ್ದು ಕಂಡುಬಂದಿತು. ಹಾಜರಿಯಲ್ಲಿ ಅಂಥ ಮೇಲ್ಮೆ ಕಾಣಲಿಲ್ಲ. 2013ರಲ್ಲಿ ಇಬ್ಬರು ವಿದ್ವಾಂಸರು ಈ ಪದ್ಧತಿಯ ಮೇಲೆ ಹೋಲಿಕೆಯೊಂದಿಗೆ ನಡೆದ 43 ಪರಿಶೀಲನೆಗಳನ್ನು ಒಟ್ಟುಗೂಡಿಸಿ ನೋಡಿದಾಗ 32ರಲ್ಲಿ ಸ್ಪಷ್ಟವಾದ ಪ್ರಯೋಜನ ತೋರಿತ್ತು. ಎಲ್ಲದರಲ್ಲಿಯೂ ತೋರಲಿಲ್ಲವೆಂಬುದನ್ನು ಮರೆಯಬಾರದು; ಆದರೂ ಇದು ಕೇವಲ ಮಾತಿನ ಚಮತ್ಕಾರವಲ್ಲವೆಂದು ನಂಬಲು ಇಷ್ಟು ಆಧಾರ ಸಾಕು.

ಈಗ ನಮ್ಮ ತರಬೇತಿಯ ವಿಷಯ. ಮೂವರು ಮೂವರಾಗಿ ಕೂಡುತ್ತೇವೆ. ಒಬ್ಬರು ತಮ್ಮ ನಿಜವಾದ ಒಂದು ಚಿಕ್ಕ ತೊಂದರೆಯನ್ನು ಹೇಳುವರು. ಎರಡನೆಯವರು ಹತ್ತು ನಿಮಿಷ ಪ್ರಶ್ನೆಗಳನ್ನು ಮಾತ್ರ ಕೇಳಬೇಕು. ಬುದ್ಧಿವಾದ ಹೇಳಕೂಡದು, “ನನಗೂ ಹೀಗೆಯೇ ಆಗಿತ್ತು” ಎನ್ನಲೂ ಕೂಡದು. ಮೂರನೆಯವರು ಸುಮ್ಮನೆ ಕೇಳುತ್ತ, ಮಾತನಾಡುವವರ ಸಾಮರ್ಥ್ಯ ತೋರಿಬಂದ ಸ್ಥಳಗಳನ್ನು ಬರೆದುಕೊಳ್ಳುವರು. ನೋಡುವುದಕ್ಕೆ ಮಕ್ಕಳಾಟ. ಮೊದಲ ದಿನ ನಮ್ಮಲ್ಲಿ ಹಿರಿಯರಾದವರೊಬ್ಬರು ಮೂರನೆಯ ನಿಮಿಷಕ್ಕೇ, “ಅಯ್ಯೋ, ನೀವು ಹೀಗೆ ಮಾಡಿ ನೋಡಿ” ಎಂದುಬಿಟ್ಟರು, ಎಲ್ಲರೂ ನಕ್ಕೆವು, ಮರುಗಳಿಗೆಯಲ್ಲಿ ನಮ್ಮ ಸರದಿ ಬಂದಾಗ ನಾವೂ ಅದನ್ನೇ ಮಾಡಿದೆವು. ಉಪದೇಶ ನಮ್ಮ ಕಸುಬು. ಅದನ್ನು ತಡೆಹಿಡಿಯುವುದಕ್ಕೆ ಅಭ್ಯಾಸ ಬೇಕು. ಒಂದು ದಿನದ ಉಪನ್ಯಾಸದಿಂದ ಇದು ಬರಲಾರದು. ತಿಂಗಳಿಗೊಮ್ಮೆ ಕೂತು, ಆಡಿದ ಮಾತುಗಳನ್ನು ಮತ್ತೆ ಪರಿಶೀಲಿಸಿದರೆ ಮಾತ್ರ ನಾಲಿಗೆ ಪಳಗುವುದು.

ಹೊಗಳಿಕೆಯಲ್ಲಿಯೂ ನಾವು ಎಡವಿದೆವು. “ಜಾಣೆ, ಬಹಳ ಒಳ್ಳೆಯವಳು” ಎಂದು ಎಲ್ಲರಿಗೂ ಹಂಚಿದರೆ ಮಕ್ಕಳು ಎರಡೇ ದಿನಗಳಲ್ಲಿ ಅದರ ಬೆಲೆಯನ್ನು ಕಂಡುಹಿಡಿಯುವರು. “ನಿನ್ನೆ ಆ ಹೊಸ ಹುಡುಗಿಗೆ ನಿನ್ನ ಕೊಡೆ ಕೊಟ್ಟು ನೀನು ನೆನೆದುಕೊಂಡು ಹೋದೆ” ಎಂದು, ಕಂಡದ್ದನ್ನು ಕಂಡ ಹಾಗೆ ಹೇಳುವುದೇ ನಿಜವಾದ ಮೆಚ್ಚಿಕೆ. ಇದಕ್ಕೆ ಮೊದಲು ನೋಡಿರಬೇಕು. ನೋಡುವುದನ್ನು ಕಲಿಸುವುದೇ ತರಬೇತಿಯ ಅರ್ಧ ಭಾಗ.

ಬಾಗಿಲು ಕಾಯುವವರು ಮೊದಲನೆಯ ದಿನ ಎದ್ದು ನಿಂತು, “ಅಮ್ಮಾ, ನಾನು ನಾಲ್ಕಕ್ಷರ ಓದಿದವನು, ನನಗೆ ಇದೆಲ್ಲ ಏತಕ್ಕೆ?” ಎಂದರು. ತಡವಾಗಿ ಬರುವ ಹುಡುಗಿ ಮೊದಲು ನೋಡುವುದು ಯಾರ ಮುಖವನ್ನು ಎಂದು ಕೇಳಿದೆವು. ಅವರು ಸುಮ್ಮನೆ ಕೂತರು. ಈಗ ತಡವಾಗಿ ಬಂದವಳನ್ನು ಅವರು, “ಅಂತೂ ಬಂದೆಯಲ್ಲ ಮಗಳೇ, ಹೇಗೆ ಬಂದೆ?” ಎಂದು ಮಾತನಾಡಿಸುವರು. ಬಸ್ಸು ತಪ್ಪಿದ್ದು, ಮನೆಯಲ್ಲಿ ತಮ್ಮನಿಗೆ ಜ್ವರ, ತಾಯಿ ಕೆಲಸಕ್ಕೆ ಹೋದದ್ದು, ಎಲ್ಲವೂ ಮೊದಲು ಅವರಿಗೆ ತಿಳಿದು, ಆಮೇಲೆ ನಮಗೆ ತಿಳಿಯುತ್ತದೆ. ಮಗು ತನ್ನ ಮನಸ್ಸನ್ನು ಯಾರ ಬಳಿ ತೆರೆಯುವುದೆಂಬುದನ್ನು ನಾವು ಗೊತ್ತುಮಾಡಲಾರೆವು. ಆದಕಾರಣ ಎಲ್ಲರೂ ಸಿದ್ಧರಾಗಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಪದ್ಧತಿಯ ಎಲ್ಲೆಯನ್ನೂ ಹೇಳಬೇಕಾದುದು ನಮ್ಮ ಕರ್ತವ್ಯ. ಹಸಿದ ಮಗುವಿಗೆ ಅನ್ನ ಬೇಕು, ಅಳತೆಯ ಏಣಿಯಲ್ಲ. ಶುಲ್ಕ ಕಟ್ಟಲಾರದ ಮನೆಗೆ ನೆರವು ಬೇಕು. ರೋಗಕ್ಕೆ ವೈದ್ಯರು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾರಾದರೂ ಮಗುವನ್ನು ಹಿಂಸಿಸುತ್ತಿರುವ ಸೂಚನೆ ಬಂದರೆ, “ಹಿಂಸೆಯಿಲ್ಲದ ದಿನ ನೀನು ಏನು ಮಾಡಿದ್ದೆ?” ಎಂದು ಕೇಳುವುದು ಕ್ರೌರ್ಯವೇ ಆದೀತು, ತಪ್ಪಿನ ಭಾರವನ್ನು ತಪ್ಪಿಲ್ಲದವಳ ಹೆಗಲಿಗೆ ಹೊರಿಸಿದಂತಾದೀತು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವುದಕ್ಕಾಗಿ 2012ರಲ್ಲಿ ಆದ ಕಾನೂನಿನಂತೆ, ಅಂಥ ಸಂಗತಿ ತಿಳಿದವರು ಪೊಲೀಸಿನವರಿಗೆ ತಿಳಿಸಲೇಬೇಕು. ತಿಳಿದೂ ತಿಳಿಸದಿರುವುದು ಶಿಕ್ಷೆಗೆ ಗುರಿಮಾಡುವ ಅಪರಾಧ. ಆದಕಾರಣ “ಯಾರಿಗೂ ಹೇಳುವುದಿಲ್ಲ” ಎಂಬ ಭಾಷೆಯನ್ನು ಮಗುವಿಗೆ ಕೊಡಕೂಡದೆಂದು ತರಬೇತಿಯ ಮೊದಲ ಗಂಟೆಯಲ್ಲಿಯೇ ನಮಗೆ ಕಲಿಸುವರು. “ನಿನ್ನನ್ನು ಕಾಪಾಡಬಲ್ಲವರಿಗೆ ಮಾತ್ರ ಹೇಳುತ್ತೇವೆ” ಎನ್ನಬಹುದು. ಬದುಕು ಬೇಡವೆಂದು ಮಗು ಹೇಳಿದರೆ ಅದನ್ನು ಹುಡುಗಾಟವೆಂದು ತಳ್ಳದೆ, ಆಕೆಯನ್ನು ಒಂಟಿಯಾಗಿ ಬಿಡದೆ, ಅದೇ ದಿನ ತಿಳಿದವರ ಬಳಿಗೆ ಕರೆದೊಯ್ಯಬೇಕು. ಮಕ್ಕಳ ಸಹಾಯಕ್ಕಾಗಿ 1098 ಎಂಬ ದೂರವಾಣಿಯೂ, ಮನಸ್ಸಿನ ಬಾಧೆಗಾಗಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸೇವೆಯ 14416 ಎಂಬ ದೂರವಾಣಿಯೂ ಹಗಲಿರುಳು ದೊರೆಯುತ್ತವೆ. ಟೆಲಿ ಮಾನಸ್‌ಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಅಂಕಪಟ್ಟಿ ಮನೆಗೆ ಬಂದ ಸಂಜೆ ಮೊದಲು ಕಣ್ಣಿಗೆ ಬೀಳುವುದು ಕಡಮೆಯಾದ ವಿಷಯವೇ ಎಂಬುದನ್ನು ಬಲ್ಲೆವು, ನಾವೂ ತಾಯಂದಿರು. ಆ ಸಂಜೆ ಒಂದೇ ಒಂದು ಪ್ರಶ್ನೆಯನ್ನು ಬದಲಾಯಿಸಿ ನೋಡಿರಿ. “ಇದೇಕೆ ಹೀಗಾಯಿತು?” ಎನ್ನುವ ಮುಂಚೆ, “ಇದರಲ್ಲಿ ನಿನಗೆ ಸ್ವಲ್ಪವಾದರೂ ಸುಲಭವಾಗಿ ಬಂದದ್ದು ಯಾವುದು? ಅದು ಹೇಗೆ ಬಂತು?” ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟದ ಭಾಗ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರನ್ನು ನಾವು “ಏಕೆ” ಎಂದು ಕೇಳಿಯೇ ಬೆಳೆಸಿದೆವು. ಅದನ್ನು ಕ್ಷಮಿಸಿ, ಪ್ರತಿವರ್ಷವೂ ಪ್ರೀತಿಯಿಂದ ಬಂದು ನಮ್ಮ ಕ್ಷೇಮವನ್ನು ವಿಚಾರಿಸುವ ನಿಮಗೆ ನಾವು ಋಣಿಗಳು. ಮೇಲೆ ಹೇಳಿದ ಆ ಒಂಬತ್ತನೆಯ ತರಗತಿಯ ಹುಡುಗಿ ಈಗ ಎಲ್ಲಿರುವಳೋ ನಮಗೆ ತಿಳಿಯದು. ಆಕೆಯ ದುಃಖ ಏನಾಗಿತ್ತೆಂಬುದೂ ತಿಳಿಯಲಿಲ್ಲ. ಆಕೆಯೊಡನೆ ಓದಿದವರು ಈ ಸಂಚಿಕೆಯನ್ನು ಓದುತ್ತಿರಬಹುದು. ಎಲ್ಲಿಯಾದರೂ ಆಕೆ ಕಂಡರೆ, ಟೀಚರುಗಳು ನಿನ್ನನ್ನು ನೆನೆಯುತ್ತಾರೆಂದು ಹೇಳಿರಿ. ಒಮ್ಮೆ ಬಂದು ಹೋಗೆನ್ನಿರಿ. ಇಷ್ಟು ದಿನ ಏಕೆ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲವೆಂಬುದನ್ನೂ ತಪ್ಪದೆ ತಿಳಿಸಿರಿ.